ಬೆಟ್ಟದ ತಾರೀಖು

ವೋಲೋಸ್, 3 ಜೂನ್ 2019

ಅಣ್ಣ ಪಾಂತೆಲಿ,

ಈಗ ನಿನ್ನನ್ನು ಫಾದರ್ ಪಾಖೋಮಿಯೊಸ್ ಎನ್ನಬೇಕಂತೆ. ಲಕೋಟೆಯ ಮೇಲೆ ಹಾಗೆಯೇ ಬರೆದಿದ್ದೇನೆ. ಒಳಗೂ ಬರೆಯಲು ನನ್ನಿಂದಾಗದು, ಕ್ಷಮಿಸು.

ನೀನು ಸನ್ಯಾಸಿಯಾಗಿ ಪವಿತ್ರ ಬೆಟ್ಟದ ಆಶ್ರಮ ಸೇರಿ ಏಳು ವರ್ಷವಾಯಿತು. ಇಷ್ಟು ದಿನ ನಾನು ಕಳಿಸಿದ್ದು ಕ್ರಿಸ್‌ಮಸ್ ಕಾರ್ಡು ಮಾತ್ರ, ಅದೂ ನನ್ನ ಹೆಂಡತಿ ಫೋತಿನಿ ತಲೆ ತಿಂದ ಮೇಲೆ. ಇವತ್ತು ಕೆಲಸವಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಇರುವುದೇ ಹೀಗೆ, ನಿನಗೆ ಹೊಸದೇನಲ್ಲ.

ಕಾರು ತೆಗೆದುಕೊಂಡೆ. ಸಾವಿರದ ಆರುನೂರು ಸಿಸಿ, ಟರ್ಬೊ ಇದೆ, ಕಾರ್ಖಾನೆಯಿಂದ ಬರುವಾಗಲೇ ಇನ್ನೂರು ಕುದುರೆಯ ಬಲ. ಅಕ್ಟೋಬರ್ 20ರ ಭಾನುವಾರ ನಮ್ಮೂರ ಪೀಲಿಯೊ ಬೆಟ್ಟದಲ್ಲಿ ಕಾರು ರ್‍ಯಾಲಿ. ನಾನು ಓಡಿಸುತ್ತೇನೆ, ಫೋತಿನಿ ಪಕ್ಕದಲ್ಲಿ ಕೂತು ತಿರುವುಗಳನ್ನು ಓದಿ ಹೇಳುತ್ತಾಳೆ. ನಿನ್ನ ಪಕ್ಕದಲ್ಲಿ ಕೂತು ಓದುತ್ತಿದ್ದಳಲ್ಲ, ಹಾಗೆಯೇ. ಇದೊಂದು ರ್‍ಯಾಲಿ ಗೆಲ್ಲಬೇಕು ನಾನು. ಊರಿನಲ್ಲಿ ಇವತ್ತಿಗೂ ನನ್ನನ್ನು ‘ಪಾಂತೆಲಿಯ ತಮ್ಮ’ ಎಂದೇ ಕರೆಯುತ್ತಾರೆ. ನೀನು ಬದುಕಿದ್ದೂ ಸತ್ತವನಂತೆ ಕೂತಿದ್ದೀಯ, ಹೆಸರು ಮಾತ್ರ ನಿನ್ನದೇ ಓಡುತ್ತಿದೆ.

ಈಗ ವಿಷಯ. ಎಂಜಿನ್ನಿನ ಬಲ ಹೆಚ್ಚಿಸಬೇಕು. ಮೊದಲು ಯಾವುದು? ಬಂದರಿನ ಹೆಂಡದಂಗಡಿಯಲ್ಲಿ ಒಬ್ಬೊಬ್ಬನದು ಒಂದೊಂದು ಮಾತು. ಒಬ್ಬ, "ದೊಡ್ಡ ಟರ್ಬೊ ಹಾಕ್ಬಿಡು, ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ" ಅನ್ನುತ್ತಾನೆ. ಇನ್ನೊಬ್ಬ, "ಎಂಜಿನ್ ಕಂಪ್ಯೂಟರಲ್ಲಿ ಮ್ಯಾಪ್, ಅದೇ ಗಾಳಿ-ಪೆಟ್ರೋಲಿನ ಲೆಕ್ಕ, ಬದಲಾಯಿಸಿದ್ರೆ ಸಾಕು ಕಣೋ, ಸ್ಪ್ಯಾನರ್ ಮುಟ್ಟೋದೇ ಬೇಡ" ಅನ್ನುತ್ತಾನೆ. ಮೂರನೇ ಗ್ಲಾಸ್ ಆದಮೇಲೆ ಎಲ್ಲರೂ ಒಂದೇ ಮಾತಿಗೆ ಬರುತ್ತಾರೆ: "ಪಾಂತೆಲಿ ಇದ್ದಿದ್ರೆ ಹೇಳೋನು."

ನಿಮ್ಮ ಆಶ್ರಮದ ಫೋನ್ ನಂಬರನ್ನು ಫೋತಿನಿ ಫ್ರಿಜ್ಜಿಗೆ ಅಂಟಿಸಿಟ್ಟಿದ್ದಾಳೆ. ಮಾಡಿದೆ. ಯಾರೋ ಮುದುಕ ಎತ್ತಿ, "ಪತ್ರ ಬರೀಪ್ಪ" ಎಂದು ಇಟ್ಟುಬಿಟ್ಟ. ಅದಕ್ಕೇ ಈ ಕಾಗದ. ಉತ್ತರ ಬರಿ.

ತಮ್ಮ ಆರ್ಗಿರಿಸ್


ಪವಿತ್ರ ಬೆಟ್ಟ, 18 ಜೂನ್ (ನಮ್ಮ ಲೆಕ್ಕದಲ್ಲಿ 5 ಜೂನ್)

ಕ್ರಿಸ್ತನಲ್ಲಿ ಸಹೋದರ ಆರ್ಗಿರಿಸ್‌ಗೆ,

ಆಶೀರ್ವಾದಗಳು. ಎರಡು ತಾರೀಖು ಕಂಡು ಗಾಬರಿಯಾಗಬೇಡ. ಬೆಟ್ಟದಲ್ಲಿ ಇವತ್ತಿಗೂ ಹಳೆಯ ಪಂಚಾಂಗ, ಹೊರಗಿನ ಲೋಕಕ್ಕಿಂತ ನಾವು ಹದಿಮೂರು ದಿನ ಹಿಂದೆ. ನಿಮಗೆ ಗೊಂದಲವಾಗದಿರಲಿ ಎಂದು ಎರಡೂ ಹಾಕುತ್ತೇನೆ.

ಫೋನ್ ಎತ್ತಿದ ಮುದುಕರು ನಮ್ಮ ಹಿರಿಯರು, ಎವ್ಲೋಗಿಯೊಸ್. ಆ ಫೋನು ಅವರ ಕೋಣೆಯಲ್ಲಿದೆ. ಸಾವು, ಬೆಂಕಿ, ಈ ಎರಡಕ್ಕೆ ಬಿಟ್ಟರೆ ಇಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಪತ್ರಗಳು ದೋಣಿಯಲ್ಲಿ ಬರುತ್ತವೆ, ದೋಣಿಯಲ್ಲಿ ಹೋಗುತ್ತವೆ. ಕಡಲು ಎದ್ದರೆ ದೋಣಿ ಇಲ್ಲ.

ನೀನು ಕೇಳುವ ಪಾಂತೆಲಿ ಸತ್ತಿದ್ದಾನೆ. ಇಲ್ಲಿ ನನಗೆ ಕೊಟ್ಟಿರುವುದು ಎರಡು ಹೇಸರಗತ್ತೆಗಳನ್ನು ನೋಡಿಕೊಳ್ಳುವ ಕೆಲಸ. ಬಂದ ಹೊಸದರಲ್ಲಿ ಹಿರಿಯರು, "ನಿನಗೇನು ಬರುತ್ತೆ ಮಗ?" ಎಂದು ಕೇಳಿದರು. "ಎಂಜಿನ್" ಎಂದೆ. "ಹಾಗಾದ್ರೆ ನೀನು ಕತ್ತೆ ನೋಡ್ಕೊ" ಎಂದರು. ಡೀಸೆಲ್ ಜನರೇಟರ್ ಕೆಟ್ಟಾಗಲೂ ನನ್ನನ್ನು ಕರೆಯುವುದಿಲ್ಲ. ಅದು ತಪ್ಪಾಗಿ ಓಡುವ ಸದ್ದು ಕೇಳುತ್ತಾ ಹುಲ್ಲು ಹಾಕುತ್ತೇನೆ. ಇದೇ ನನ್ನ ತಪಸ್ಸು.

ಆದ್ದರಿಂದ ನಿನ್ನ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ದೇವರು ನಿನ್ನನ್ನು ಕಾಯಲಿ.

ಸನ್ಯಾಸಿ ಪಾಖೋಮಿಯೊಸ್

ಮರೆತೆ. ಪೆಟ್ರೋಲು ನೇರ ಸಿಲಿಂಡರಿನೊಳಕ್ಕೆ ಚಿಮ್ಮುವ ಎಂಜಿನ್ನೋ, ಹಳೆಯ ಬಗೆಯದೋ? ಒಳಗೆ ಪಿಸ್ಟನ್ ಹಿಡಿದಿರುವ ರಾಡುಗಳನ್ನು ಯಾರಾದರೂ ಬಿಚ್ಚಿ ನೋಡಿದ್ದಾರೆಯೆ?


ವೋಲೋಸ್, 1 ಜುಲೈ

ಅಣ್ಣ,

ಸತ್ತವನು ಕಾಗದದ ಕೊನೆಯಲ್ಲಿ ಎದ್ದು ಕೂತು ರಾಡು ಎಂಥದ್ದು ಎಂದು ಕೇಳಿದ್ದನ್ನು ಫೋತಿನಿಗೆ ಓದಿ ಹೇಳಿದೆ. ನಕ್ಕಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು, ಬಹಳ ಹೊತ್ತು ಬರಲಿಲ್ಲ.

ಹೌದು, ನೇರ ಚಿಮ್ಮುವ ಎಂಜಿನ್ನೇ. ರಾಡುಗಳು ಕಾರ್ಖಾನೆಯವು, ಯಾರೂ ಮುಟ್ಟಿಲ್ಲ. ಲಾರಿಸಾದಲ್ಲಿ ಸ್ಟೆರ್ಯೊಸ್ ಎಂಬ ಒಬ್ಬ ಮ್ಯಾಪ್ ಮಾಡುತ್ತಾನೆ, ಹುಡುಗರೆಲ್ಲ ಈಗ ಅವನ ಹತ್ತಿರವೇ ಹೋಗುವುದು. ಅವನು ಕಾರು ನೋಡಿದ ಕೂಡಲೇ, "ಇದರಲ್ಲಿ ಕೆಳಗಿನಿಂದಲೇ ಎಳೆತ ತಂದ್ಕೊಡ್ತೀನಿ. ತಿರುವಿನಿಂದ ಹೊರಗೆ ಬಂದು ಪೆಡಲ್ ಮೇಲೆ ಕಾಲಿಟ್ರೆ ಸಾಕು, ಸೀಟಿಗೆ ಅಂಟ್ಕೊಂಡ್ಬಿಡ್ತೀಯ" ಎಂದ. ನಮ್ಮ ಬೆಟ್ಟದ ದಾರಿ ನಿನಗೆ ಗೊತ್ತಲ್ಲ, ಬರೀ ತಿರುವುಗಳು. ಎಂಜಿನ್ ನಿಧಾನಕ್ಕೆ ಸುತ್ತುತ್ತಿರುವಾಗಲೇ ಎಳೆತ ಸಿಕ್ಕರೆ ಗೆದ್ದ ಹಾಗೆ.

ನಾಚಿಕೆ ಬಿಟ್ಟು ಹೇಳು. ಕತ್ತೆಗಳಿಗೆ ನಾನು ಹೇಳುವುದಿಲ್ಲ.

ಆರ್ಗಿರಿಸ್


ಪವಿತ್ರ ಬೆಟ್ಟ, 14 ಜುಲೈ (1 ಜುಲೈ)

ಸಹೋದರ,

ಹಿರಿಯರ ಅಪ್ಪಣೆ ಕೇಳಿದೆ. "ತಮ್ಮನ ಜೀವಕ್ಕೆ ಒಳ್ಳೇದಾಗೋ ಮಾತಾದ್ರೆ ಬರಿ" ಎಂದರು. ಒಳ್ಳೆಯದಾಗುವ ಮಾತನ್ನೇ ಬರೆಯುತ್ತಿದ್ದೇನೆ. ಗಮನವಿಟ್ಟು ಓದು.

ಇದು ಅಪ್ಪನ ಗ್ಯಾರೇಜಿನ ಕಾಲದ ಎಂಜಿನ್ನಲ್ಲ. ಆಗಿನವು ದಡ್ಡ ಕಬ್ಬಿಣ, ಎಷ್ಟು ಹೊಡೆದರೂ ತಡೆಯುತ್ತಿದ್ದವು. ಈಗಿನದರಲ್ಲಿ ಒಳಗಿನ ಪ್ರತಿಯೊಂದನ್ನೂ ತೂಕ ಉಳಿಸಿ, ಬೇಕಾದಷ್ಟೇ ಗಟ್ಟಿ ಮಾಡಿರುತ್ತಾರೆ. ಟರ್ಬೊ ಚಿಕ್ಕದು, ಬೇಗ ಎದ್ದು ಗಾಳಿ ತುರುಕುತ್ತದೆ. ನೀನು ಮೇಲಿನ ಗೇರಿನಲ್ಲಿ, ಎಂಜಿನ್ ನಿಧಾನ ಸುತ್ತುತ್ತಿರುವಾಗ ಪೆಡಲ್ ಪೂರ್ತಿ ತುಳಿದೆ ಎಂದಿಟ್ಟುಕೊ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುತ್ತದೆ. ಕಿಡಿ ಬೀಳುವ ಮೊದಲೇ ಪೆಟ್ರೋಲು ತಾನಾಗಿ ಹೊತ್ತಿಕೊಂಡು ಅದನ್ನು ಕೆಳಕ್ಕೆ ಗುದ್ದುತ್ತದೆ. ನಡುವೆ ಸಿಕ್ಕಿಕೊಳ್ಳುವುದು ರಾಡು. ಕಾರ್ಖಾನೆಯ ರಾಡು ಮೊದಲ ಸಲ ಕೂದಲೆಳೆಯಷ್ಟು ಬಾಗುತ್ತದೆ. ಆಮೇಲೊಂದು ದಿನ ಮುರಿದು ಎಂಜಿನ್ನಿನ ಗೋಡೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಬಿಸಿ ಎಣ್ಣೆ ಟರ್ಬೊ ಮೇಲೆ ಸುರಿಯುತ್ತದೆ. ಟರ್ಬೊ ಎಷ್ಟು ಕೆಂಪಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ.

ಆದ್ದರಿಂದ ಮೊದಲು ತಂಪು ಮಾಡು: ಒಳಹೋಗುವ ಗಾಳಿಗೆ ದೊಡ್ಡ ಇಂಟರ್‌ಕೂಲರ್ ಹಾಕು, ಎಣ್ಣೆಗೂ ಬೇರೆ ಕೂಲರ್ ಕೂರಿಸು. ಆಮೇಲೆ ಎಂಜಿನ್ ಇಳಿಸಿ ಬಡಿದು ಮಾಡಿದ ಗಟ್ಟಿ ರಾಡುಗಳನ್ನು ಹಾಕಿಸು. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬೇಡ. ಟರ್ಬೊ ಒಂದು ಅಳತೆ ದೊಡ್ಡದು ಸಾಕು, ಅಂಗಡಿಯಲ್ಲಿರುವ ಅತಿ ದೊಡ್ಡದಲ್ಲ. ಮ್ಯಾಪ್ ಎಲ್ಲದಕ್ಕಿಂತ ಕೊನೆಗೆ. ಅದರಲ್ಲಿ ಮೂರು ಸಾವಿರ ಸುತ್ತು ದಾಟುವವರೆಗೂ ಗಾಳಿಯ ಒತ್ತಡ ಹಿಡಿದಿಡಬೇಕು, ಅಲ್ಲಿಂದ ಮೇಲೆ ಬಿಡಬೇಕು. ಸ್ಟೆರ್ಯೊಸ್ ಹೇಳುವ ‘ಕೆಳಗಿನ ಎಳೆತ’ ಬೇಡವೇ ಬೇಡ. ಆ ತಿರುವುಗಳಲ್ಲಿ ಗೇರ್ ಒಂದು ಇಳಿಸು, ಎಂಜಿನ್ ಹಾಡುತ್ತಾ ಬರುತ್ತದೆ.

ನಿನ್ನೆ ಬೆಳಗಿನ ಪ್ರಾರ್ಥನೆಯಲ್ಲಿ ನಿಂತಿದ್ದವನಿಗೆ ಮನಸ್ಸೆಲ್ಲ ಇಂಟರ್‌ಕೂಲರಿನ ಕೊಳವೆ ಎಡದಿಂದ ತರುವುದೋ ಬಲದಿಂದಲೋ ಎಂಬುದರಲ್ಲೇ ಇತ್ತು. ನನಗಾಗಿ ಪ್ರಾರ್ಥಿಸು.

ಪಾಖೋಮಿಯೊಸ್


ವೋಲೋಸ್, 29 ಜುಲೈ

ಅಣ್ಣ,

ಇಂಟರ್‌ಕೂಲರ್ ಹಾಕಿದೆ, ಬಲದಿಂದ. ಎಡದಿಂದ ಜಾಗವಿಲ್ಲ. ಅಷ್ಟು ದೂರ ಕೂತು ಎಲ್ಲ ಬಲ್ಲವನಂತೆ ಬರೆಯುತ್ತೀಯ, ಬಾನೆಟ್ ಎತ್ತಿ ನೋಡುವವನು ನಾನು.

ನಿನ್ನ ಕಾಗದವನ್ನು ಸ್ಟೆರ್ಯೊಸ್‌ಗೆ ತೋರಿಸಿದೆ. ಓದಿ ಮುಗಿಸಿ, "ನಿಮ್ಮಣ್ಣನಿಗೂ ನಿನಗೂ ಸರಿ ಇದೆಯೇನಪ್ಪ?" ಎಂದು ಕೇಳಿದ. "ಯಾಕೆ?" ಎಂದೆ. "ಎಂಜಿನ್ ಇಳಿಸು ಅಂತಾನೆ, ಅಲ್ಲಿಗೆ ಸೆಪ್ಟೆಂಬರ್ ಮುಗೀತು. ಕೆಳಗಿನ ಎಳೆತ ಬೇಡ ಅಂತಾನೆ, ಅಲ್ಲಿಗೆ ಬೆಟ್ಟದಲ್ಲಿ ನಿನ್ನ ಕಥೆ ಮುಗೀತು. ನಿನ್ನ ಗೆಲ್ಲಿಸೋಕೆ ಬರೆದಂಗೆ ಕಾಣ್ಸಲ್ಲ ಇದು" ಎಂದ.

ಅವನ ಮೇಲೆ ರೇಗಿದೆ. ಆದರೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ನಿಜ ಹೇಳು. ಆ ರಸ್ತೆಯಲ್ಲಿ ಕಡಿಮೆ ಸಮಯದ ದಾಖಲೆ ಇವತ್ತಿಗೂ ನಿನ್ನದೇ. ಅದು ಮುರಿಯುವುದು ನಿನಗೆ ಬೇಕೆ? ಅದೂ ನನ್ನ ಕೈಯಿಂದ, ಅದೂ ಫೋತಿನಿ ಪಕ್ಕದಲ್ಲಿ ಕೂತಿರುವಾಗ? ಸಿಟ್ಟಾಗಬೇಡ. ನಾನು ನಿನ್ನ ಜಾಗದಲ್ಲಿದ್ದಿದ್ದರೆ ನನಗೆ ಸರಿಯಾದ ಸಲಹೆ ಕೊಡುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಫೋತಿನಿಯೇನೋ, "ಪಾಂತೆಲಿ ಸುಳ್ಳು ಹೇಳೋ ಆಸಾಮಿ ಅಲ್ಲ. ಅವನು ಹೇಳ್ದಂಗೆ ಮಾಡು" ಅನ್ನುತ್ತಾಳೆ. ಅವಳು ಹಾಗಂದದ್ದೇ ನನಗೆ ಸರಿಬರಲಿಲ್ಲ.

ಆರ್ಗಿರಿಸ್


ಪವಿತ್ರ ಬೆಟ್ಟ, 20 ಆಗಸ್ಟ್ (7 ಆಗಸ್ಟ್)

ಸಹೋದರ,

ದೇವಮಾತೆಯ ಉಪವಾಸ ನಡೆದಿದೆ. ಎಣ್ಣೆ ಬಿಟ್ಟು ಬೀನ್ಸ್ ತಿನ್ನುವವನಿಗೆ ಮನಸ್ಸು ತಿಳಿಯಾಗಿರುತ್ತದೆ. ತಿಳಿಯಾದ ಮನಸ್ಸಿನಿಂದ ಬರೆಯುತ್ತಿದ್ದೇನೆ.

ನಾನು ಸುಳ್ಳು ಹೇಳುವುದಿಲ್ಲ. ಅಲ್ಲಿದ್ದಾಗಲೂ ಹೇಳಲಿಲ್ಲ, ಇಲ್ಲಂತೂ ಹೇಳಲಾರೆ. ಜುಲೈಯಲ್ಲಿ ಬರೆದ ಪ್ರತಿಯೊಂದು ಮಾತೂ ಸತ್ಯ. ರಾಡು ಬದಲಾಯಿಸು. ಕೆಳಗಿನಿಂದ ಒತ್ತಡ ಕೊಡಬೇಡ.

ಹಳೆಯದೊಂದು ವಿಷಯ ಎತ್ತಿದ್ದೀಯ, ಅದನ್ನೂ ಇಲ್ಲೇ ಮುಗಿಸಿಬಿಡೋಣ. ಮ್ಯಾಪಿನ ಕೆಲಸ ಕಲಿಯಲು ನಾನು ಜರ್ಮನಿಗೆ ಹೋಗಿದ್ದಾಗ, ಅಲ್ಲಿ ನನಗೊಬ್ಬಳಿದ್ದಾಳೆ ಎಂದು ಫೋತಿನಿಗೆ ಸುಳ್ಳು ಹೇಳಿದವನು ನೀನು. ನಿಶ್ಚಿತಾರ್ಥದ ಉಂಗುರವನ್ನು ಅವಳು ಅಂಚೆಯಲ್ಲಿ ಕಳಿಸಿದಾಗಲೇ ನನಗದು ಗೊತ್ತಾಯಿತು. ಊರಿಗೆ ಬಂದಾಗ ನಿಮ್ಮಿಬ್ಬರ ಮದುವೆಯಾಗಿತ್ತು. ನಾನು ಯಾರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ. ದಿನಾ ಬೆಳಿಗ್ಗೆ ನಿನ್ನ ಹೆಸರು ಹೇಳಿ ಕ್ಷಮಿಸುತ್ತೇನೆ, ಮರುದಿನ ಮತ್ತೆ ಮಾಡಬೇಕಾಗುತ್ತದೆ.

ಇನ್ನು ರ್‍ಯಾಲಿ. ಚಿನಾರ್ ಮರದ ತಿರುವು ನೆನಪಿದೆಯೆ, ನೀರಿನ ನಲ್ಲಿ ಇರುವ ಕಡೆ? ನಾನು ಅದನ್ನು ಮೂರನೇ ಗೇರಿನಲ್ಲೇ ಎಳೆದುಬಿಡುತ್ತಿದ್ದೆ, ಫೋತಿನಿಯ ದನಿ ಒಂದು ಸಲವೂ ನಡುಗುತ್ತಿರಲಿಲ್ಲ. ಅದು ಹಳೆಯ ಎಂಜಿನ್. ನೀನು ಹಾಗೆ ಮಾಡಬೇಡ. ಎರಡನೇ ಗೇರಿಗೆ ಇಳಿಸಿ ನಿಧಾನಕ್ಕೆ ಹೋಗು. ಅವಳೇನೂ ಅಂದುಕೊಳ್ಳುವುದಿಲ್ಲ. ಎಲ್ಲರಿಗೂ ಎಲ್ಲವೂ ಬರಬೇಕೆಂದೇನೂ ಇಲ್ಲ.

ಪಾಖೋಮಿಯೊಸ್


ವೋಲೋಸ್, 10 ಸೆಪ್ಟೆಂಬರ್

ಅಣ್ಣ,

ಕೊನೆಗೂ ಬಾಯಿ ಬಿಟ್ಟೆ. ಏಳು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದೀಯ, ಆಮೇಲೆ ನನಗೆ ‘ನಿಧಾನಕ್ಕೆ ಹೋಗು’ ಎಂದು ಬುದ್ಧಿ ಹೇಳುತ್ತೀಯ. ನಿನ್ನ ಸಲಹೆ ಎಲ್ಲಿಂದ ಬರುತ್ತಿತ್ತೆಂದು ಈಗ ಗೊತ್ತಾಯಿತು. ಆ ಕಾಗದದ ನಡುವಿನ ಭಾಗ ಫೋತಿನಿಗೆ ತೋರಿಸಿಲ್ಲ. ತೋರಿಸುವುದೂ ಇಲ್ಲ.

ಕೇಳು, ಏನೇನು ಮಾಡಿದೆ ಅಂತ. ರಾಡು ಮುಟ್ಟಲಿಲ್ಲ. ಟರ್ಬೊ ಕೂಡ ಚಿಕ್ಕದೇ ಇರಲಿ, ಬೇಗ ಏಳುತ್ತದೆ ಎಂದ ಸ್ಟೆರ್ಯೊಸ್. ಎರಡು ಸಾವಿರಕ್ಕೂ ಕೆಳಗಿನಿಂದಲೇ ಒತ್ತಡ ಬರುವಂತೆ ಮ್ಯಾಪ್ ಹಾಕಿಸಿದೆ. ರೋಲರ್ ಮೇಲೆ ಓಡಿಸಿ ಅಳೆದರೆ ಇನ್ನೂರ ಎಂಬತ್ತು ಕುದುರೆ! ಸ್ಟೆರ್ಯೊಸ್ ನನ್ನ ಬೆನ್ನು ತಟ್ಟಿ, "ಬೆಟ್ಟದ ಸ್ವಾಮಿಗೆ ಇದನ್ನ ಫೋಟೊ ತೆಗೆದು ಕಳಿಸು" ಎಂದ. ಫೋಟೊ ಇದರ ಜೊತೆಗಿದೆ. ಕತ್ತೆಗಳಿಗೂ ತೋರಿಸು.

ಚಿನಾರ್ ತಿರುವನ್ನು ಮೂರನೇ ಗೇರಿನಲ್ಲೇ ಎಳೆಯುತ್ತಿದ್ದೇನೆ, ನಿನಗಿಂತ ಬೇಗ. ಸಣ್ಣದೊಂದು ‘ಟಕ್ ಟಕ್’ ಸದ್ದು ಬರುತ್ತಿದೆ, ಮೊನ್ನೆ ಅದೇ ತಿರುವಿನಿಂದ ಹೊರಗೆ ಬಂದ ಮೇಲೆ ಶುರುವಾಯಿತು. ಎಂಜಿನ್ ತಣ್ಣಗಿರುವಾಗ ಮಾತ್ರ. ಸ್ಟೆರ್ಯೊಸ್, "ಹೊಸ ಎಂಜಿನ್‌ಗಳೆಲ್ಲ ಹಂಗೇ ಕಣೋ, ಹೊಲಿಗೆ ಮಿಷನ್ ಥರ" ಅನ್ನುತ್ತಾನೆ.

ಫೋತಿನಿಗೆ ಏನೋ ಬರೆಯಬೇಕಂತೆ. ಕಾಗದದ ಕೊನೆಯಲ್ಲಿ ಜಾಗ ಬಿಟ್ಟಿದ್ದೇನೆ.

ಆರ್ಗಿರಿಸ್

ಫಾದರ್, ಆಶೀರ್ವದಿಸಿ. ನಿಮಗೆ ನಾನು ಬರೆಯಬಾರದೆಂದು ಗೊತ್ತು. ಆ ಸದ್ದು ನನ್ನ ಕಾಲಿನ ಕೆಳಗೇ ಕೇಳಿಸುತ್ತದೆ. ನಾನು ಎಷ್ಟೋ ಕಾರುಗಳಲ್ಲಿ ಕೂತಿದ್ದೇನೆ, ಇಂಥ ಸದ್ದು ಕೇಳಿರಲಿಲ್ಲ. ನೀವು ಜುಲೈಯಲ್ಲಿ ಬರೆದದ್ದು ನಿಜವೆ? ಇದು ಅದೇ ರಾಡೆ? ಅವನು ನಂಬುವುದಿಲ್ಲ, ನಾನು ನಂಬುತ್ತೇನೆ. ಒಂದೇ ಒಂದು ಮಾತು ಬರೆಯಿರಿ, ನಾನು ಕಾರು ಹತ್ತುವುದಿಲ್ಲ, ಅವನನ್ನೂ ಹತ್ತಲು ಬಿಡುವುದಿಲ್ಲ. ಪಾಂತೆಲಿ, ಒಂದು ಮಾತು ಸಾಕು ಕಣೋ. — ಫೋತಿನಿ


ಪವಿತ್ರ ಬೆಟ್ಟ, 30 ಸೆಪ್ಟೆಂಬರ್ (17 ಸೆಪ್ಟೆಂಬರ್)

ಸಹೋದರ ಆರ್ಗಿರಿಸ್‌ಗೆ,

ಫೋಟೊ ತಲುಪಿತು. ದೊಡ್ಡ ಸಂಖ್ಯೆ. ಸಂತೋಷ.

ಇಲ್ಲಿ ದ್ರಾಕ್ಷಿ ಕೊಯ್ಲು ಮುಗಿಯಿತು. ಹೇಸರಗತ್ತೆಗಳಲ್ಲಿ ದೊಡ್ಡದಕ್ಕೆ ಗೊರಸಿನ ನೋವು. ಈ ವರ್ಷ ಮಳೆ ಬೇಗ ಬರಬಹುದು ಎನ್ನುತ್ತಾರೆ.

ಎಂಜಿನ್ ಬಗ್ಗೆ ಹೇಳಬೇಕಾದ್ದನ್ನೆಲ್ಲ ಜುಲೈಯಲ್ಲೇ ಹೇಳಿದ್ದೇನೆ. ಅದನ್ನು ಬಿಟ್ಟು ಬೇರೆ ಮಾಡುವುದು ನಿನ್ನ ಸ್ವಾತಂತ್ರ್ಯ. ಸದ್ದು ಕೇಳುವ ಕಿವಿ ನಿನ್ನದು, ನನ್ನದಲ್ಲ. ಸ್ಟೆರ್ಯೊಸ್ ಹತ್ತಿರದಲ್ಲೇ ಇದ್ದಾನಲ್ಲ.

ಹೆಂಗಸರ ಪತ್ರಕ್ಕೆ ಉತ್ತರಿಸುವ ಪದ್ಧತಿ ನನಗಿಲ್ಲ. ದಯವಿಟ್ಟು ಇನ್ನು ಮುಂದೆ ನಿನ್ನ ಕಾಗದದಲ್ಲಿ ಬೇರೆಯವರಿಗೆ ಜಾಗ ಬಿಡಬೇಡ.

ಪಾಖೋಮಿಯೊಸ್


ವೋಲೋಸ್, 8 ಅಕ್ಟೋಬರ್

ಅಣ್ಣ,

ಚಿಕ್ಕ ಕಾಗದ, ಸಮಯವಿಲ್ಲ. ಗಟ್ಟಿ ಎಣ್ಣೆ ಹಾಕಿದೆ, ಸದ್ದು ಕಡಿಮೆಯಾಯಿತು. ಕಿವಿಗೆ ಹತ್ತಿ ಇಟ್ಟ ಹಾಗೆ ಅಂದುಕೊ.

ನಿನ್ನ ಕಾಗದ ಬರುವವರೆಗೂ ಫೋತಿನಿ ಕಾರು ಹತ್ತಲಿಲ್ಲ ಗೊತ್ತೆ? ಅಂಚೆಯವನ ದಾರಿ ಕಾಯುತ್ತಿದ್ದಳು. ಬಂದಮೇಲೆ ಎರಡು ಸಲ ಓದಿದಳು. ಕತ್ತೆಯ ಗೊರಸಿನ ವಿಷಯವನ್ನೂ ಬಿಡಲಿಲ್ಲ. "ಈಗೇನಂತೀಯ?" ಎಂದು ಕೇಳಿದೆ. "ಅಪಾಯ ಇದ್ದಿದ್ರೆ ಹೇಳೋನು. ಪಾಂತೆಲಿ ಸುಮ್ನಿರೋನಲ್ಲ. ಏನೂ ಹೇಳಿಲ್ಲ ಅಂದ್ರೆ ಏನೂ ಇಲ್ಲ ಅಂತ" ಎಂದಳು. ಅವತ್ತೇ ಹೆಲ್ಮೆಟ್ ತೆಗೆದುಕೊಂಡು ಬಂದು ಕೂತಳು. ಈಗ ದಿನಾ ಅಭ್ಯಾಸ ಮಾಡುತ್ತಿದ್ದೇವೆ. ಅವಳ ದನಿ ನಡುಗುವುದಿಲ್ಲ, ನೀನು ಹೇಳಿದ್ದು ನಿಜ.

ನನ್ನ ಮಾತನ್ನು ಬಿಟ್ಟು ನಿನ್ನ ಮೌನವನ್ನು ನಂಬಿದಳು. ಅದಕ್ಕೆ ಸಿಟ್ಟಾಗಬೇಕಿತ್ತು. ಆಗಲಿಲ್ಲ, ಕೂತಳಲ್ಲ, ಅಷ್ಟು ಸಾಕು.

ಇಪ್ಪತ್ತನೇ ತಾರೀಖು, ಬೆಳಿಗ್ಗೆ. ಪ್ರಾರ್ಥನೆ ಮಾಡು, ಅಥವಾ ಬಿಡು.

ಆರ್ಗಿರಿಸ್


ಪವಿತ್ರ ಬೆಟ್ಟ, 6 ಅಕ್ಟೋಬರ್

ತಮ್ಮ ಆರ್ಗಿರಿ,

ಓಡಿಸಬೇಡ. ಕಾರನ್ನು ಹೊರಗೇ ತೆಗೆಯಬೇಡ. ಆ ಸದ್ದು ಬಾಗಿದ ರಾಡಿನದು, ಗಟ್ಟಿ ಎಣ್ಣೆ ಅದನ್ನು ಮುಚ್ಚಿದೆ ಅಷ್ಟೇ. ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಸುರಿದು ನೋಡು, ಮಿನುಗುವ ಪುಡಿ ಕಾಣುತ್ತದೆ. ಮೂರನೇ ಗೇರಿನಲ್ಲಿ ಇನ್ನೊಂದು ಸಲ ಎಳೆದರೆ ಅದು ಎಂಜಿನ್ ಒಡೆದುಕೊಂಡು ಹೊರಗೆ ಬರುತ್ತದೆ.

ಫೋತಿನಿಗೆ ಹೇಳು: ಹೌದು. ಅವಳು ಕೇಳಿದ್ದು ಒಂದು ಮಾತು, ಆ ಮಾತು ಇದೇ. ಹೌದು, ಅದೇ ರಾಡು. ಅವಳನ್ನು ಕೂರಿಸಬೇಡ.

ಇಲ್ಲಿ ಕಡಲು ಎದ್ದಿದೆ. ದೋಣಿ ಹೊರಟ ಕೂಡಲೇ ಇದು ಹೊರಡುತ್ತದೆ. ನನ್ನ ಕೈಲಾದದ್ದು ಮಾಡಿದ್ದೇನೆ, ಉಳಿದದ್ದು ದೇವರದು.

ಪಾಂತೆಲಿ


ವೋಲೋಸ್, ಆಸ್ಪತ್ರೆ, 28 ನವೆಂಬರ್ (ನಿಮ್ಮ ಬೆಟ್ಟದ ಲೆಕ್ಕದಲ್ಲಿ 15 ನವೆಂಬರ್)

ಅಣ್ಣ,

ಇದನ್ನು ಬರೆಯುತ್ತಿರುವವರು ಫೋತಿನಿಯ ತಾಯಿ. ನಾನು ಹೇಳುತ್ತೇನೆ, ಅವರು ಬರೆಯುತ್ತಾರೆ. ನನ್ನ ಕೈಗಳು ಇನ್ನಿಲ್ಲ. ಅವರ ಕೈ ನಡುನಡುವೆ ನಿಲ್ಲುತ್ತದೆ, ನಾನು ಕಾಯುತ್ತೇನೆ. ಜರ್ಮನಿಯ ಹುಡುಗಿಯ ಕಥೆಯನ್ನೂ ಅವರಿಗೆ ಹೇಳಿಬಿಟ್ಟೆ, ಇನ್ನು ಮುಚ್ಚಿಡುವುದು ಯಾರಿಗಾಗಿ? ಅವರು ಲೇಖನಿಯನ್ನು ಕೆಳಗಿಡಲಿಲ್ಲ.

ನೀನು ಜುಲೈಯಲ್ಲಿ ಹೇಗೆ ಬರೆದಿದ್ದೆಯೋ ಹಾಗೆಯೇ ಆಯಿತು, ಒಂದು ಚೂರೂ ಆಚೀಚೆ ಆಗಲಿಲ್ಲ. ಚಿನಾರ್ ಮರದ ತಿರುವು, ಮೂರನೇ ಗೇರು, ಪೂರ್ತಿ ಪೆಡಲ್. ‘ಟಕ್’ ಎಂದದ್ದು ಕೇಳಿಸಿತು. ಎಣ್ಣೆ ಟರ್ಬೊ ಮೇಲೆ ಬಿದ್ದು ಹೊತ್ತಿಕೊಂಡಿತು, ಚಕ್ರದ ಕೆಳಗೂ ಹರಿಯಿತು. ಕಾರು ಜಾರಿ ಕಲ್ಲಿನ ಗೋಡೆಗೆ ಹೋಗಿ ಬಡಿಯಿತು, ಅವಳಿದ್ದ ಕಡೆಯಿಂದ. ಅವಳ ಬಾಗಿಲು ಗೋಡೆಗೆ ಒತ್ತಿತ್ತು. ಅವಳ ಬೆಲ್ಟ್ ಬಿಡಿಸಲು ಬೆಂಕಿಯೊಳಗೆ ಕೈ ಹಾಕಿದೆ, ಬಿಡಿಸಲಾಗಲಿಲ್ಲ. ಕೊನೆಗೆ ಅವಳು ಓದಿದ್ದು ಮುಂದಿನ ತಿರುವು: "ಬಲಕ್ಕೆ, ತೆರೆದಿದೆ." ದನಿ ನಡುಗಲಿಲ್ಲ.

ಮೂರು ದಿನ ಬಿಟ್ಟು ನಿನ್ನ ಕಾಗದ ಬಂತು. ನರ್ಸ್ ಅದನ್ನು ನನ್ನ ಮುಖದ ಎದುರಿಗೆ ಹಿಡಿದಳು. ಮೇಲೆ ಅಕ್ಟೋಬರ್ 6 ಎಂದಿತ್ತು. ಅಯ್ಯೋ ಪಾಪ, ಎರಡು ವಾರ ಮೊದಲೇ ಬರೆದಿದ್ದಾನೆ, ಕಡಲು ತಡೆದುಬಿಟ್ಟಿತು ಎಂದುಕೊಂಡೆ. ಕಾಗದವನ್ನು ಬಾಯಿಗೆ ತರಿಸಿಕೊಂಡು ಮುತ್ತು ಕೊಟ್ಟೆ. ಅತ್ತೆ, "ನೋಡು, ಅವನು ಹೇಳಿದ್ದ, ದೇವರೇ ಬಿಡಲಿಲ್ಲ" ಎಂದು ಅತ್ತರು. ಒಂದು ವಾರ ನಾವಿಬ್ಬರೂ ಹಾಗೆಯೇ ನಂಬಿಕೊಂಡಿದ್ದೆವು.

ಆಮೇಲೆ ನೆನಪಾಯಿತು. ಗಟ್ಟಿ ಎಣ್ಣೆ ಹಾಕಿ ಸದ್ದು ಕಡಿಮೆಯಾಯಿತೆಂದು ನಾನು ಬರೆದದ್ದೇ ಎಂಟನೇ ತಾರೀಖು, ಆರನೇ ತಾರೀಖಿನ ಕಾಗದಕ್ಕೆ ಆ ಎಣ್ಣೆಯ ವಿಷಯ ಹೇಗೆ ಗೊತ್ತು? ನೀನು ಪ್ರತಿ ಕಾಗದದಲ್ಲೂ ಎರಡು ತಾರೀಖು ಹಾಕುತ್ತಿದ್ದೆ. ಇದರಲ್ಲಿ ಒಂದೇ ಹಾಕಿದ್ದೀಯ, ಬೆಟ್ಟದ್ದು. ಹದಿಮೂರು ದಿನ ಕೂಡಿಸಿದೆ. ಶನಿವಾರ ಬರೆದಿದ್ದೀಯ, ರ್‍ಯಾಲಿಯ ಹಿಂದಿನ ದಿನ. ದೋಣಿ ಇಲ್ಲವೆಂದು ಕಾಗದದಲ್ಲೇ ಬರೆದೂ ಇದ್ದೀಯ.

ಫ್ರಿಜ್ಜಿನ ಮೇಲಿದ್ದ ನಂಬರಿಗೆ ಅತ್ತೆಯಿಂದ ಫೋನ್ ಮಾಡಿಸಿದೆ. ನಿಮ್ಮ ಹಿರಿಯರು ಎತ್ತಿದರು. ಈ ಸಲ ಪತ್ರ ಬರೀಪ್ಪ ಎನ್ನಲಿಲ್ಲ. ಅವರು ಹೇಳಿದ್ದು ಹೀಗೆ: "ಶುಕ್ರವಾರ ಊಟಕ್ಕೆ ಕೂತೋನು ತುತ್ತು ಎತ್ತಲಿಲ್ಲ. ಏನಪ್ಪ ಅಂದೆ. ತಮ್ಮನ ಎಂಜಿನ್ ಒಡೆಯುತ್ತೆ, ಜೀವ ಹೋಗಬಹುದು ಅಂದ. ನನ್ನ ಕೋಣೆಗೆ ಹೋಗು, ಈಗಲೇ ಫೋನ್ ಮಾಡು ಅಂದೆ. ಶನಿವಾರ ಸಂಜೆ ಕೇಳ್ದೆ, ತಿಳಿಸಿದ್ಯಾ ಅಂತ. ತಿಳಿಸಿದ್ದೀನಿ ಅಂದ."

ನೋಡು, ಅವರಿಗೂ ನೀನು ಸುಳ್ಳು ಹೇಳಲಿಲ್ಲ. ಬರೆದು ಮೇಜಿನ ಮೇಲೆ ಇಟ್ಟಿದ್ದೆಯಲ್ಲ. ಈ ವರ್ಷವಿಡೀ ನೀನು ಒಂದೇ ಒಂದು ಸುಳ್ಳು ಹೇಳಿಲ್ಲ ಅಣ್ಣ. ರಾಡಿನ ಬಗ್ಗೆ ನಿಜ ಹೇಳಿದೆ, ಜೊತೆಗೆ ನನ್ನನ್ನು ದ್ವೇಷಿಸಲು ನಿನಗಿರುವ ಕಾರಣವನ್ನೂ ಹೇಳಿದೆ, ನಾನು ನಂಬದಿರಲಿ ಎಂದು. ಚಿಕ್ಕಂದಿನಿಂದ ನೀನು ಬೇಡವೆಂದದ್ದನ್ನೇ ಮಾಡಿದವನು ನಾನು. ಅದು ನಿನ್ನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ನನ್ನ ವಿಷಯ ಬಿಡು, ನಾನು ಅದಕ್ಕೆ ತಕ್ಕವನೇ. ನಿನ್ನನ್ನು ನಂಬಿದವಳು ಒಬ್ಬಳಿದ್ದಳು. ಅವಳು ಕೇಳಿದಾಗ ಕತ್ತೆಯ ಗೊರಸಿನ ಬಗ್ಗೆ ಬರೆದೆ.

ಸಾವು, ಬೆಂಕಿ, ಎರಡಕ್ಕೆ ಮಾತ್ರ ಫೋನ್ ಎಂದಿದ್ದೆ. ಎರಡೂ ಇದ್ದವು.

ಇನ್ನು ಮುಂದಿನದು. ಹಿರಿಯರಿಗೆ ನನ್ನ ಕೈಗಳ ಸ್ಥಿತಿ ಹೇಳಿದೆ. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಎಂದೆ. ಅತ್ತೆಯನ್ನು ಕೇಳಲು ನನಗೆ ಮುಖವಿಲ್ಲ. ನಿಮ್ಮಲ್ಲಿಗೆ ಬಂದು ಇದ್ದುಬಿಡಲೇ ಎಂದು ಕೇಳಿದೆ. "ಬಾ ಮಗ. ನಿನಗೆ ಉಣ್ಸೋದು, ತೊಳೆಯೋದು, ಬಟ್ಟೆ ಹಾಕೋದು, ಎಲ್ಲ ಪಾಖೋಮಿಯೊಸ್ ಮಾಡ್ತಾನೆ. ಕತ್ತೆ ಬೇರೆಯವ್ರು ನೋಡ್ಕೋತಾರೆ. ಇದು ಅವನಿಗೆ ನನ್ನ ಅಪ್ಪಣೆ, ನಾನು ಸತ್ತಮೇಲೂ ಇದೇ ಅಪ್ಪಣೆ" ಎಂದರು. ಅಪ್ಪಣೆ ಮೀರಿದರೆ ನಿನ್ನ ಸನ್ಯಾಸಕ್ಕೆ ಅರ್ಥವಿಲ್ಲವಂತಲ್ಲ.

ಆದ್ದರಿಂದ ಇನ್ನು ಪತ್ರ ಬೇಕಾಗಿಲ್ಲ. ದಿನಾ ನೀನು ಚಮಚ ಎತ್ತುತ್ತೀಯ, ಸಾರು ಬಿಸಿಯಿದೆಯೇ ಎಂದು ನಾನು ಕೇಳುತ್ತೇನೆ. ನೀನು ನಿಜವನ್ನೇ ಹೇಳುತ್ತೀಯ. ಈಗ ನಂಬುತ್ತೇನೆ. ಹಾಗೆಯೇ ದಿನಕ್ಕೊಂದು ಸಲ ಅವಳು ಬರೆದ ಸಾಲುಗಳನ್ನು ನನಗೆ ಓದಿ ಹೇಳಬೇಕು. ಆ ಕಾಗದವನ್ನು ನೀನು ಎಸೆದಿರುವುದಿಲ್ಲ, ನನಗೆ ಗೊತ್ತು.

ಕಡಲು ಶಾಂತವಾಗಿದ್ದರೆ ಶನಿವಾರದ ದೋಣಿಗೆ ಬರುತ್ತೇನೆ. ನಮ್ಮ ಲೆಕ್ಕದಲ್ಲಿ ಡಿಸೆಂಬರ್ 7. ದಡಕ್ಕೆ ಬಂದು ನಿಲ್ಲು, ನನ್ನ ಚೀಲ ಇಳಿಸಿಕೊಳ್ಳಬೇಕು.

ಆರ್ಗಿರಿಸ್